ಹಾಡಿಗೆ ಕುಣಿಯುವ ಬಣ್ಣಗಳು: ಪ್ರಾಜೆಕ್ಟ್‌ಎಂ, ಟಚ್‌ಡಿಸೈನರ್, ಆಫ್ಟರ್ ಎಫೆಕ್ಟ್ಸ್

ಹಾಡಿಗೆ ತಕ್ಕಂತೆ ಚಲಿಸುವ ಚಿತ್ರ ಮಾಡಲು ಪ್ರಾಜೆಕ್ಟ್‌ಎಂ, ಟಚ್‌ಡಿಸೈನರ್, ಆಫ್ಟರ್ ಎಫೆಕ್ಟ್ಸ್ ಎಂಬ ಮೂರು ಸಾಫ್ಟ್‌ವೇರ್‌ಗಳಲ್ಲಿ ಯಾವುದು ಆಗಬಹುದು ಅಂತ ಕೇಳಿದ್ದೀರಿ. ಮೊದಲು ಒಂದು ವಿಷಯ ತೀರ್ಮಾನಿಸಿ: ಹಾಡು ನಡೆಯುತ್ತಿರುವಾಗಲೇ ಚಿತ್ರ ಮೂಡಬೇಕಾ, ಇಲ್ಲ ಕೂತು ತಿದ್ದಿದ ವಿಡಿಯೊ ಸಾಕಾ?

ಖರ್ಚಿನಲ್ಲಿ ಪ್ರಾಜೆಕ್ಟ್‌ಎಂ ಪೂರ್ತಿ ಉಚಿತ. ಹಳೆಯ ಮ್ಯೂಸಿಕ್ ಪ್ಲೇಯರ್ ವಿನ್‌ಆಂಪ್‌ನಲ್ಲಿ ಹಾಡಿಗೆ ಚಿತ್ರ ಮೂಡಿಸುತ್ತಿದ್ದ ಮಿಲ್ಕ್‌ಡ್ರಾಪ್‌ನ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ರೂಪ ಇದು. ಟಚ್‌ಡಿಸೈನರ್‌ಗೆ ಉಚಿತ ಲೈಸೆನ್ಸ್ ಇದೆ. ಆದರೆ ಅದರಲ್ಲಿ ಹಣ ಗಳಿಸುವ ಕೆಲಸ ಮಾಡುವಂತಿಲ್ಲ, ಚಿತ್ರದ ಅಳತೆಯೂ 1280x1280 ಪಿಕ್ಸೆಲ್ ದಾಟುವುದಿಲ್ಲ. ಆಫ್ಟರ್ ಎಫೆಕ್ಟ್ಸ್‌ಗೆ ಚಂದಾ ಕಟ್ಟುತ್ತಲೇ ಇರಬೇಕು.

ಕಲಿಯಲು ಪ್ರಾಜೆಕ್ಟ್‌ಎಂನಲ್ಲಿ ಏನೂ ಇಲ್ಲ. ಸುಮ್ನೆ ಹಾಡು ಹಾಕಿ, ಪ್ರಿಸೆಟ್ (ಮೊದಲೇ ಸಿದ್ಧಮಾಡಿಟ್ಟ ಚಿತ್ರವಿನ್ಯಾಸ) ಬದಲಿಸುತ್ತಾ ಹೋಗಿ. ಟಚ್‌ಡಿಸೈನರ್‌ನಲ್ಲಿ ನೋಡ್‌ಗಳನ್ನು, ಅಂದರೆ ಒಂದೊಂದು ಕೆಲಸ ಮಾಡುವ ಪುಟ್ಟ ಚೌಕಗಳನ್ನು, ತಂತಿ ಎಳೆದಂತೆ ಒಂದಕ್ಕೊಂದು ಜೋಡಿಸಬೇಕು. ಮೊದಲ ಕೆಲವು ದಿನ ತಲೆ ಕೆಡುತ್ತದೆ.

ನನಗೆ ಮುಖ್ಯ ಅನಿಸುವುದು ಹಿಡಿತ. ಪ್ರಾಜೆಕ್ಟ್‌ಎಂನ ಚಿತ್ರ ಚಂದ, ಆದರೆ ಅದು ಪ್ರಿಸೆಟ್ ಬರೆದವರ ಚಿತ್ರ, ನಿಮ್ಮದಲ್ಲ ಅಲ್ವಾ? ಟಚ್‌ಡಿಸೈನರ್‌ನಲ್ಲಿ ಬೇಸ್‌ಗೆ (ತಗ್ಗಿನ ಸ್ವರಕ್ಕೆ) ವೃತ್ತ ಉಬ್ಬಲಿ, ಮೇಲಿನ ಸ್ವರಕ್ಕೆ ಚುಕ್ಕಿ ಚದುರಲಿ ಎಂದು ಬೇರೆಬೇರೆ ಹೇಳಬಹುದು. ಆಫ್ಟರ್ ಎಫೆಕ್ಟ್ಸ್ ಧ್ವನಿಯ ಏರಿಳಿತವನ್ನು ಕೀಫ್ರೇಮ್ (ಯಾವ ಕ್ಷಣಕ್ಕೆ ಎಷ್ಟು ಎಂಬ ಗುರುತು) ಮಾಡಿಕೊಡುತ್ತದೆ. ಅದು ಅಳೆಯುವುದು ಒಟ್ಟು ಸದ್ದನ್ನು, ಹಾಗಾಗಿ ಡ್ರಮ್‌ಗೆ ಮಾತ್ರ ಚಿತ್ರ ಮಿಡಿಯಬೇಕಿದ್ದರೆ ಡ್ರಮ್ ಟ್ರ್ಯಾಕನ್ನೇ ಬೇರೆಯಾಗಿ ಕೊಡಿ. ಈ ಉಪಾಯದಿಂದ ಆಮೇಲೆ ತಿದ್ದುವ ಶ್ರಮ ಬಹಳಷ್ಟು ತಪ್ಪುತ್ತದೆ.

ಪಾರ್ಟಿಯ ಗೋಡೆಗೆ ಪ್ರಾಜೆಕ್ಟ್‌ಎಂ ಧಾರಾಳ ಸಾಕು. ವೇದಿಕೆಯ ಮೇಲೆ ನುಡಿಸುವವರ ಜೊತೆ ಚಿತ್ರವೂ ಓಡಬೇಕೆಂದರೆ ಟಚ್‌ಡಿಸೈನರ್. ಬಿಡುಗಡೆ ಮಾಡುವ ಹಾಡಿಗೆ ಪ್ರತಿ ಫ್ರೇಮೂ ನಿಮ್ಮಿಷ್ಟದಂತೆ ಬೇಕಿದ್ದರೆ, ತಾಳ್ಮೆಯೂ ಇದ್ದರೆ, ಆಫ್ಟರ್ ಎಫೆಕ್ಟ್ಸ್.