ಚೆಕ್ ಎಂಜಿನ್ ಲೈಟ್ ಹತ್ತಿತು ಅಂತ ಪಾರ್ಟ್ ಬದಲಿಸಬೇಡಿ, ನನಗೆ 33,500 ರೂಪಾಯಿ ಹೋಯಿತು

ನನ್ನದು 2014ರ ಡೀಸೆಲ್ ಪಿಕಪ್, ಕಾಮನ್ ರೈಲ್ ಎಂಜಿನ್. ಅಂದರೆ ಪಂಪ್ ಒತ್ತಿದ ಡೀಸೆಲ್ ರೈಲ್ ಅನ್ನುವ ಒಂದೇ ಪೈಪಿನಲ್ಲಿ ತುಂಬಿ, ಅಲ್ಲಿಂದ ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳಿಗೆಲ್ಲ ಹೋಗುತ್ತದೆ. ಹಾಸನದಿಂದ ಮಂಗಳೂರಿಗೆ ತರಕಾರಿ ಹಾಕಿಕೊಂಡು ಹೋಗುತ್ತೇನೆ, ಬರುವಾಗ ಸಿಕ್ಕ ಲೋಡು. ಅವತ್ತು ಒಣಮೀನು ತುಂಬಿಕೊಂಡು ರಾತ್ರಿ ಶಿರಾಡಿ ಘಾಟ್ ಹತ್ತುತ್ತಿದ್ದೆ. ಗುಂಡ್ಯ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೇ ಹಳದಿ ಲೈಟ್ ಹತ್ತಿತು. ಆಕ್ಸಿಲೇಟರ್ ಪೂರ್ತಿ ಒತ್ತಿದರೂ ಗಾಡಿ ಎಳೆಯಲಿಲ್ಲ. ಹಿಂದೆ ಲಾರಿಗಳ ಹಾರ್ನ್. ಸೈಡಿಗೆ ಹಾಕಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದೆ. ಲೈಟ್ ಹೋಗಲಿಲ್ಲ, ಆದರೆ ಎಳೆತ ಬಂತು. ಒಂದೆರಡು ತಿರುವು ಕಳೆಯುವಷ್ಟರಲ್ಲಿ ಮತ್ತೆ ಅದೇ ಕತೆ. ಮೀನಿನ ವಾಸನೆ ಕುಡಿಯುತ್ತಾ ಹಾಸನ ಮುಟ್ಟಿದಾಗ ಬೆಳಗಾಗಿತ್ತು.

ಮೊದಲು ಹೋದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಬಂದ ಕೋಡ್ ಪಿ0087. ಅಂದರೆ ರೈಲ್‌ನಲ್ಲಿ ಇರಬೇಕಾದಷ್ಟು ಡೀಸೆಲ್ ಒತ್ತಡ ಇಲ್ಲ. 'ರೈಲ್ ಪ್ರೆಶರ್ ಸೆನ್ಸರ್ ಹೋಗಿದೆ ಸಾರ್' ಅಂದರು. ಕೂಲಿ ಸೇರಿ 6,500. ಕೋಡ್ ಅಳಿಸಿ ಕೊಟ್ಟರು, ಲೈಟ್ ಹೋಯಿತು, ನಾನೂ ಖುಷಿಯಾದೆ. ಲೋಡ್ ಇಲ್ಲದೆ ಊರೊಳಗೆ ಓಡಿಸಿದರೆ ಏನೂ ತೊಂದರೆ ಇಲ್ಲ. ಮುಂದಿನ ಟ್ರಿಪ್ಪಿನಲ್ಲಿ ಘಾಟ್ ಹತ್ತುವಾಗ ಮತ್ತೆ ಹತ್ತಿತು.

ಎರಡನೇ ಸಲ 'ಹಾಗಾದರೆ ಇಂಜೆಕ್ಟರ್' ಅಂದರು. ನಾಲ್ಕೂ ಬಿಚ್ಚಿ ರಿಪೇರಿಗೆ ಕಳಿಸಿದರು. 27,000. ಒಂದು ವಾರ ಗಾಡಿ ನಿಂತಿತು, ಬಾಡಿಗೆ ಹೋಯಿತು. ಮೂರನೇ ಸಲ 'ಹೈ ಪ್ರೆಶರ್ ಪಂಪೇ ಹೊಸದು ಹಾಕಬೇಕು, 40,000 ಆಗುತ್ತೆ' ಅಂದಾಗ ಕೈಯಲ್ಲಿ ಕಾಸಿರಲಿಲ್ಲ. ಕಾಸಿದ್ದಿದ್ದರೆ ಅದನ್ನೂ ಹಾಕಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಸಕಲೇಶಪುರದಲ್ಲಿ ಪರಿಚಯದ ಹಳೇ ಡೀಸೆಲ್ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ. 'ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊತ್ತು ಹೊಡೀಬೇಕಾ?' ಹೌದು, ಎರಡು ತಿಂಗಳಿಂದ ಹಾಗೇ ಇತ್ತು. ಬ್ಯಾಟರಿ ವೀಕ್ ಇರಬೇಕು ಅಂತ ಸುಮ್ನೆ ಬಿಟ್ಟಿದ್ದೆ. ಡೀಸೆಲ್ ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪ್ ಬಿಚ್ಚಿ, ಆ ಜಾಗಕ್ಕೆ ಒಂದಡಿ ಪಾರದರ್ಶಕ ಪೈಪ್ ಸಿಕ್ಕಿಸಿ ಸ್ಟಾರ್ಟ್ ಮಾಡಿಸಿದರು. ರೇಸ್ ಕೊಟ್ಟಾಗ ಒಳಗೆ ಸೋಡಾ ಬಾಟಲಿಯಲ್ಲಿ ಏಳುವ ಹಾಗೆ ಸಾಲಾಗಿ ಗುಳ್ಳೆಗಳು. ಡೀಸೆಲ್ ಜೊತೆ ಗಾಳಿ ಎಳೆಯುತ್ತಿತ್ತು.

ಫಿಲ್ಟರ್‌ಗೆ ಬರುವ ರಬ್ಬರ್ ಹೋಸ್, ಕ್ಲಿಪ್ ಕಚ್ಚುವ ಜಾಗದಲ್ಲಿ ಸೀಳಿತ್ತು. ಬಗ್ಗಿಸಿದರೆ ಮಾತ್ರ ಕಾಣುವ ಸೀಳು. ನನ್ನ ಗಾಡಿಗೆ ಟ್ಯಾಂಕಿನೊಳಗೆ ಪಂಪ್ ಇಲ್ಲ, ಎಂಜಿನ್ ಹತ್ತಿರದ ಪಂಪೇ ಡೀಸೆಲ್ ಹೀರಿಕೊಳ್ಳುತ್ತದೆ. ಹೀರುವ ಕಡೆ ತೂತಾದರೆ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಎಲ್ಲೂ ಒದ್ದೆ ಇರಲಿಲ್ಲ. ಗಾಡಿ ರಾತ್ರಿ ನಿಂತಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ಇಳಿಯುತ್ತದೆ, ಬೆಳಿಗ್ಗೆ ಸೆಲ್ಫ್ ಜಾಸ್ತಿ ಹೊಡೆಯಬೇಕಾಗುತ್ತದೆ. ಲೋಡ್ ಹಾಕಿ ಏರು ಹತ್ತುವಾಗ ಡೀಸೆಲ್ ಜಾಸ್ತಿ ಬೇಕು, ಆಗ ಒತ್ತಡ ಬೀಳುತ್ತದೆ. ಎಲ್ಲಾ ಕಣ್ಣೆದುರೇ ಇತ್ತು ಅಲ್ವಾ! ಹೊಸ ಹೋಸ್, ಎರಡು ಕ್ಲಿಪ್, ಫಿಲ್ಟರ್, ಕೂಲಿ ಎಲ್ಲಾ ಸೇರಿ 1,400. ಆಮೇಲೆ ಲೋಡ್ ಹಾಕಿಕೊಂಡು ನಾಲ್ಕು ಸಲ ಘಾಟ್ ಹತ್ತಿದ್ದೇನೆ, ಲೈಟ್ ಇಲ್ಲ.

ಪಿ0087 ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಅಲ್ಲ. ಜ್ವರ ಬಂದಿದೆ ಅಂತ ಹೇಳಿದ ಹಾಗೆ ಅಷ್ಟೇ. ಕಸ ಕಟ್ಟಿದ ಫಿಲ್ಟರ್‌ನಿಂದಲೂ ಬರುತ್ತದೆ, ಗಾಳಿಯಿಂದಲೂ ಬರುತ್ತದೆ, ಸೋರುವ ಇಂಜೆಕ್ಟರ್‌ನಿಂದಲೂ, ಸವೆದ ಪಂಪಿನಿಂದಲೂ ಬರುತ್ತದೆ. ಕೋಡ್ ಅಳಿಸುವ ಮುಂಚೆ ಸ್ಕ್ಯಾನರ್‌ನಲ್ಲಿ ಕಾಣುವ ಫ್ರೀಜ್ ಫ್ರೇಮ್ ಅನ್ನುವ ದಾಖಲೆಯ ಫೋಟೋ ತೆಗೆದುಕೊಳ್ಳಿ. ಲೈಟ್ ಹತ್ತಿದಾಗ ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಮೇಲೆ ಲೋಡ್ ಎಷ್ಟಿತ್ತು ಅಂತ ಅದರಲ್ಲಿ ಇರುತ್ತದೆ. ಬ್ಯಾಟರಿ ವಯರ್ ಕಿತ್ತರೆ ಅದೂ ಅಳಿಸಿ ಹೋಗಬಹುದು. ಇಂಜೆಕ್ಟರ್ ಬಿಚ್ಚುತ್ತೇವೆ ಅಂದರೆ ಮೊದಲು ರಿಟರ್ನ್ ಟೆಸ್ಟ್ ಮಾಡಿ ಅನ್ನಿ. ಇಂಜೆಕ್ಟರ್‌ಗಳಿಂದ ಡೀಸೆಲ್ ವಾಪಸ್ ಬರುವ ಕಡೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ ಯಾವುದು ಜಾಸ್ತಿ ವಾಪಸ್ ಬಿಡುತ್ತಿದೆ ಅಂತ ಕಾಣುತ್ತದೆ. ಅರ್ಧ ಗಂಟೆ ಕೆಲಸ. ನನಗೆ ಯಾರೂ ಮಾಡಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ.

ಇನ್ನೊಂದು. ಹಳೇ ಎಂಜಿನ್ ರೂಢಿಯಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವವರಿದ್ದಾರೆ. ಕಾಮನ್ ರೈಲ್‌ನಲ್ಲಿ ಅದನ್ನು ಮಾಡಲು ಬಿಡಬೇಡಿ. ಒಳಗಿನ ಒತ್ತಡ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು.

ಮೊದಲಿನ ಗ್ಯಾರೇಜಿಗೆ ಹೋಗಿ ಸೀಳಿದ ಹೋಸ್ ತೋರಿಸಿದೆ. 'ಸೆನ್ಸರ್ ಕೂಡ ವೀಕ್ ಇತ್ತು ಸಾರ್' ಅಂದರು. ಹಾಗಾದರೆ ಹಳೇ ಸೆನ್ಸರ್ ಕೊಡಿ ಅಂದೆ. ಗುಜರಿಗೆ ಹೋಯ್ತಂತೆ.