ಗರಡಿಗೆ ಹೊಸದಾಗಿ ಸೇರುವವರಿಗೆ: ಕಸುವು ಮೊದಲೋ, ಪಟ್ಟು ಮೊದಲೋ?

ದಾವಣಗೆರೆಯ ಗರಡಿಮನೆಗಳಲ್ಲಿ ಸಾಮು ಆರಂಭಿಸುವ ಹುಡುಗರು ದಂಡ, ಬಸ್ಕಿಗಳಿಂದ ತೋಳುತೊಡೆ ಬಲಿತರೆ ಸಾಕೆಂದು ಭಾವಿಸುವುದುಂಟು. ಆದರೆ ಸ್ಪರ್ಧಾತ್ಮಕ ಕುಸ್ತಿಯಲ್ಲಿ ತೂಕದ ವರ್ಗಗಳಿರುವುದರಿಂದ ಎದುರಾಳಿಯೂ ಹೆಚ್ಚುಕಡಿಮೆ ಅಷ್ಟೇ ಕಸುವುಳ್ಳವನಾಗಿರುತ್ತಾನೆ, ಆಗ ಗೆಲುವನ್ನು ನಿರ್ಧರಿಸುವುದು ಪಟ್ಟು. ಧೋಬಿ ಪಛಾಡ್ ಎಂಬ ಪಟ್ಟನ್ನೇ ನೋಡಿ: ಎದುರಾಳಿಯ ತೋಳನ್ನು ಹೆಗಲ ಮೇಲೆಳೆದುಕೊಂಡು, ನಮ್ಮ ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ತಂದು ತಿರುಗಿದರೆ ಅವನ ಭಾರವೇ ಅವನನ್ನು ಕೆಡವುತ್ತದೆ, ಸೊಂಟ ನಾಲ್ಕು ಬೆರಳು ಮೇಲಿದ್ದರೆ ಎಂಥ ತೋಳ್ಬಲವೂ ವ್ಯರ್ಥ. ಕಸುವು ಕೈಹಿಡಿಯುವುದು ಕೊನೆಯ ಹೊತ್ತಿನಲ್ಲಿ. ಎದುರಾಳಿಯ ಕಾಲನ್ನೂ ಹಿಡಿಯಬಹುದಾದ ಫ್ರೀಸ್ಟೈಲ್ ಕುಸ್ತಿಯಲ್ಲಿ 3 ನಿಮಿಷಗಳ 2 ಸುತ್ತುಗಳಿದ್ದು, ದಣಿದವನ ಹಿಡಿತ ಸಡಿಲವಾಗುತ್ತದೆ. ಭಾರ ಎತ್ತುವ ಪವರ್‌ಲಿಫ್ಟಿಂಗ್‌ನ ಲೆಕ್ಕ ಬೇರೆ, ಅಲ್ಲಿ ಕಸುವಿನದೇ ಮೇಲುಗೈ. ಕುಸ್ತಿಯನ್ನೇ ಆರಿಸಿಕೊಂಡ ಎಳೆಯ ಹುಡುಗನಿಗೆ ಮೊದಲು ಪಟ್ಟು ಕಲಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಇಪ್ಪತ್ತು ದಾಟಿ ಬಂದವನು ಮಾತ್ರ ಎರಡನ್ನೂ ಒಟ್ಟಿಗೇ ಹಿಡಿಯಬೇಕಾಗುತ್ತದೆ.