ಕಲ್ಲಿನ ಮೇಜಿಗೆ ಪೂರ್ತಿ ಅಂಕ, ಯುದ್ಧಕ್ಕೆ ಕಡಿತ

ಚಿತ್ರ: 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್' (2005), ನಾರ್ನಿಯಾ ಸರಣಿಯ ಮೊದಲನೆಯದು. ನಿರ್ದೇಶನ ಆಂಡ್ರ್ಯೂ ಆಡಮ್‌ಸನ್. ನನ್ನ ಅಂಕ 5ಕ್ಕೆ 3.5.

ನಾನು ಸಂಡೇ ಸ್ಕೂಲ್ ಟೀಚರ್. ಯೇಸು ಸತ್ತು ಎದ್ದುದನ್ನು ನೆನೆಯುವ ಈಸ್ಟರ್ ಹತ್ತಿರ ಬಂದಾಗ ಮಕ್ಕಳಿಗೆ ತೋರಿಸಲು ಯೋಗ್ಯವಾ ಅಂತ ತುಂಬಾ ಜನ ಕೇಳುತ್ತಾರೆ. ಯೋಗ್ಯವೇ. ಆದರೆ 1950ರಲ್ಲಿ ಪ್ರಕಟವಾದ ಸಿ. ಎಸ್. ಲೂಯಿಸ್ ಅವರ ಮೂಲ ಪುಸ್ತಕವನ್ನು ಮೊದಲು ಓದಿಸಿ.

ನಾರ್ನಿಯಾ ಎಂಬ ಮಾಯಾಲೋಕಕ್ಕೆ ಹೋದ ಹುಡುಗ ಎಡ್ಮಂಡ್ ಸಿಹಿ ತಿಂಡಿಯ ಆಸೆಗೆ ಅಣ್ಣ, ಅಕ್ಕ ಸೂಸನ್, ತಂಗಿ ಲೂಸಿಯನ್ನು ಅಲ್ಲಿನ ಮಾಟಗಾತಿಗೆ ಬಿಟ್ಟುಕೊಡುತ್ತಾನೆ. ದ್ರೋಹಿಯ ಪ್ರಾಣ ಅವಳದು, ಅದು ಆ ಲೋಕದ ಕಾನೂನು. ಅವನ ಬದಲು ಆಸ್ಲಾನ್ ಎಂಬ ಸಿಂಹ ತಾನೇ ಸಾಯಲು ಹೋಗುತ್ತದೆ.

ಅದನ್ನು ಕೊಲ್ಲುವ ಕಲ್ಲಿನ ಮೇಜಿನ ಆ ರಾತ್ರಿ ಚಿತ್ರದ ಜೀವ. ಸಿಂಹ ತಲೆ ತಗ್ಗಿಸಿ ನಡೆಯುತ್ತದೆ. ಸೂಸನ್, ಲೂಸಿ ಜೊತೆಗೆ ಹೋಗುತ್ತಾರೆ. ಯೇಸು ಸೆರೆಯಾಗುವ ಮುಂಚೆ ಪ್ರಾರ್ಥಿಸಿದ ಗೆತ್ಸೇಮನೆ ತೋಟದಲ್ಲಿ ಶಿಷ್ಯರು ನಿದ್ದೆ ಹೋದರು, ಇಲ್ಲಿ ಇಬ್ಬರು ಹುಡುಗಿಯರು ಎಚ್ಚರವಾಗಿದ್ದಾರೆ. ಕೇಸರ ಬೋಳಿಸಿ ಗೇಲಿ ಮಾಡುವುದು ಯೇಸುವನ್ನು ಅಣಕಿಸಿದ ರೋಮನ್ ಸೈನಿಕರ ನೆನಪು ತರುತ್ತದೆ. ಬೆಳಗ್ಗೆ ಮೇಜು ಎರಡು ಹೋಳು, ಯೇಸು ಸತ್ತಾಗ ದೇವಾಲಯದ ಪರದೆ ಹರಿದ ಹಾಗೆ. ಯೇಸುವಿನ ಕಥೆಯಂತೆಯೇ, ಎದ್ದು ಬಂದವನನ್ನು ಮೊದಲು ನೋಡುವುದೂ ಹೆಣ್ಣುಮಕ್ಕಳೇ. ಇದ್ಯಾವುದನ್ನೂ ಆಡಮ್‌ಸನ್ ಅವಸರದಲ್ಲಿ ಮುಗಿಸಿಲ್ಲ. ಟಿಲ್ಡಾ ಸ್ವಿಂಟನ್ ಕಿರುಚುವ ಮಾಟಗಾತಿ ಅಲ್ಲ, ತಣ್ಣಗೆ ಕೊಲ್ಲುವವಳು. ಅದಕ್ಕೇ ಜಾಸ್ತಿ ಭಯ. ತೀರಾ ಚಿಕ್ಕವರ ಪಕ್ಕ ನೀವು ಕೂತಿರಿ.

ತಕರಾರು ಶುರುವಾಗುವುದು ಆಮೇಲೆ. ಸತ್ತ ಸಿಂಹ ಎದ್ದಿದ್ದು ಹೇಗೆ? ಪುಸ್ತಕದಲ್ಲಿ ಕಾಲ ಹುಟ್ಟುವ ಮುಂಚಿನ, ಇನ್ನೂ ಆಳವಾದ ಒಂದು ಮಾಯೆ ಇದೆ. ಮಾಟಗಾತಿಗೆ ಅಷ್ಟು ಹಿಂದಿನದು ಗೊತ್ತೇ ಇಲ್ಲ. ಚಿತ್ರದಲ್ಲಿ ಅವಳು ತ್ಯಾಗದ ಅರ್ಥ ತಿಳಿಯದೆ ಕಾನೂನನ್ನು ತಪ್ಪಾಗಿ ಓದಿಕೊಂಡಳು ಅಷ್ಟೇ. ಪುನರುತ್ಥಾನ ವಕೀಲರ ವಾದ ಗೆದ್ದ ಹಾಗಾಯಿತು!

ಇನ್ನೊಂದು ನನಗೆ ನಿಜಕ್ಕೂ ಚುಚ್ಚಿತು. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಡುವಾಗ 'ಮುಗಿಯಿತು' ಅನ್ನುತ್ತಾನೆ. ಚಿತ್ರದಲ್ಲಿ ಆಸ್ಲಾನ್ ಆ ಮಾತು ಹೇಳುವುದು ಮಾಟಗಾತಿಯನ್ನು ಕೊಂದ ಮೇಲೆ. ಸಾಯುವಾಗ ಆಡಿದ ಮಾತನ್ನು ಕೊಂದಾಗ ಆಡಿಸಿದರೆ ಗೆಲುವು ಕತ್ತಿಯದಾಗುತ್ತದೆ, ಅಲ್ವಾ? ಪುಸ್ತಕದಲ್ಲಿ ಯುದ್ಧಕ್ಕೆ ಜಾಗವೇ ಕಮ್ಮಿ. ಇಲ್ಲಿ ಅದೇ ದೊಡ್ಡ ಹಬ್ಬ.

ಆಸ್ಲಾನ್ ಹೆಸರು ಕೇಳಿದೊಡನೆ ಪುಸ್ತಕದ ಲೂಸಿಗೆ ರಜೆಯ ಮೊದಲ ಬೆಳಗ್ಗೆ ಎದ್ದ ಹಾಗೆ ಆಗುತ್ತದೆ, ತಪ್ಪು ಮಾಡಿದ ಎಡ್ಮಂಡ್‌ಗೆ ದಿಗಿಲು. ತೆರೆಯ ಮೇಲೆ ಅದು ಬರೀ ಮುಖಭಾವ.

ಸುಮ್ನೆ ಪ್ರತಿ ಪಾತ್ರಕ್ಕೂ ಬೈಬಲ್‌ನಲ್ಲಿ ಜೋಡಿ ಹುಡುಕಬೇಡಿ. ಇಂಥದ್ದೊಂದು ಲೋಕ ಇದ್ದು, ದೇವರ ಮಗ ಅಲ್ಲಿಗೂ ಬಂದಿದ್ದರೆ ಏನಾಗುತ್ತಿತ್ತು ಅನ್ನುವ ಊಹೆ ಇದು ಎಂದು ಲೂಯಿಸ್ ಅವರೇ ಹೇಳಿದ್ದರು. ಕ್ರಿಸ್‌ಮಸ್ ತಾತನೂ ರೋಮನ್ ಕಥೆಗಳ ಮೇಕೆಕಾಲಿನವರೂ ಒಂದೇ ಕಾಡಿನಲ್ಲಿರುವುದು ಲೂಯಿಸ್ ಅವರ ಗೆಳೆಯ, 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕಿನ್‌ಗೆ ಹಿಡಿಸಲಿಲ್ಲ. ನನ್ನ ಕ್ಲಾಸಿನ ಮಕ್ಕಳಿಗಂತೂ ಭಲೇ ಖುಷಿ.

ಈ ಸರಣಿಯ ಮೂರನೆಯ ಚಿತ್ರವನ್ನೂ (2010) ನೋಡುವುದಾದರೆ ಒಂದು ವಿಷಯ. 'ನಿಮ್ಮ ಲೋಕದಲ್ಲಿ ನನಗೆ ಬೇರೆ ಹೆಸರಿದೆ' ಎಂಬ ಆಸ್ಲಾನ್ ಮಾತನ್ನು ಉಳಿಸಿಕೊಂಡಿದ್ದಾರೆ. ಎದ್ದು ಬಂದ ಯೇಸು ಶಿಷ್ಯರನ್ನು ಕರೆದ ಹಾಗೆ, ದಡದಲ್ಲಿ ಮೀನು ಸುಟ್ಟು ಮಕ್ಕಳನ್ನು ತಿಂಡಿಗೆ ಕರೆಯುವ ಕುರಿಮರಿ (ಅದೂ ಆಸ್ಲಾನೇ) ಮಾತ್ರ ಇಲ್ಲ. ಅದಕ್ಕೆ ಪುಸ್ತಕವೇ ಬೇಕು.